ಮನೆಯಲ್ಲೇ ಕೌದಿ, ಕ್ವಿಲ್ಟ್ ಹೊಲಿದು ಮಾರೋದು ಹೇಗೆ? ಅನುಭವ ಇರೋರು ಹೇಳಿ

ಕೇಳಿದ್ದು, ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್, ಜಿಗ್‌ಜಾಗ್ ಮಾಡಿಕೊಡುತ್ತೇನೆ. ಅತ್ತೆ ಊರಲ್ಲಿ ಹಳೇ ಬಟ್ಟೆಯ ಪದರ ಸೇರಿಸಿ ಕೌದಿ ಹೊಲಿಯುತ್ತಿದ್ದರು, ಅವರಿಂದ ಕಲಿತೆ. ಅಕ್ಕನ ಮಗುವಿಗೆ ಒಂದು ಪುಟ್ಟ ಕೌದಿ ಮಾಡಿಕೊಟ್ಟ ಮೇಲೆ ನಮಗೂ ಬೇಕು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಆದರೆ ದರ ಹೇಳಿದ ಕೂಡಲೇ "ಹಳೇ ಬಟ್ಟೆ ತಾನೇ, ಅಷ್ಟ್ಯಾಕೆ?" ಅಂತಾರೆ. ಇದನ್ನೇ ಉದ್ಯೋಗ ಮಾಡಿಕೊಳ್ಳಬಹುದಾ? ಎಷ್ಟು ತಗೋಬೇಕು? ದೊಡ್ಡ ಮಷೀನ್ ಬೇಕಾ? ಜಿಎಸ್‌ಟಿ ಅದೂ ಇದೂ ಅಂತ ಏನೇನು ಮಾಡಿಸಬೇಕು? ಮಾಡ್ತಾ ಇರೋರು ದಯವಿಟ್ಟು ಹೇಳಿ.

ಧಾರವಾಡದಿಂದ

ಖಂಡಿತ ಮಾಡಬಹುದು. ನಮ್ಮ ಮನೆ ನಡೆಯುವುದರಲ್ಲಿ ಈ ಕೆಲಸದ ಪಾಲು ದೊಡ್ಡದು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಅಂಗಡಿ ರಜಾಯಿ ಜೊತೆ ದರದಲ್ಲಿ ಪೈಪೋಟಿಗೆ ಇಳಿಯಬೇಡಿ. ಜೈಪುರದ ರಜಾಯಿ, ಪಾಣಿಪತ್‌ನ ಹೊದಿಕೆ ಲಾರಿಗಟ್ಟಲೆ ಬರುತ್ತವೆ. ಆ ರೇಟಿಗೆ ಒಬ್ಬರು ಕೂತು ಹೊಲಿದು ಕೊಡೋಕೆ ಆಗಲ್ಲ. ನಮ್ಮ ಕೈಯಲ್ಲಿ ಇರೋದು ಬೇರೆ ಕೆಲಸ: ಗಿರಾಕಿ ಮನೆಯ ಸೀರೆಯನ್ನೇ ಕೌದಿ ಮಾಡಿಕೊಡೋದು. ಅಮ್ಮ ಹೋದ ಮೇಲೆ ಅವರ ಸೀರೆಗಳನ್ನು ಬೀರುವಿನಲ್ಲಿ ಹಾಗೇ ಇಟ್ಟುಕೊಂಡವರು ಎಷ್ಟೋ ಮಂದಿ ಇದ್ದಾರೆ. ಯಾರಿಗಾದರೂ ಕೊಡೋಕೆ ಮನಸ್ಸಿಲ್ಲ, ಉಡೋಕೆ ಯಾರೂ ಇಲ್ಲ. ಅಂಥವರು "ಹಳೇ ಬಟ್ಟೆ ತಾನೇ" ಅನ್ನೋದೇ ಇಲ್ಲ. ನನಗೆ ಬರುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ.

ಸೀರೆ ಬಂದ ಕೂಡಲೇ ಕತ್ತರಿ ಹಾಕಬೇಡಿ. ಕಿಟಕಿ ಬೆಳಕಿಗೆ ಅಡ್ಡ ಹಿಡಿದು ಉದ್ದಕ್ಕೂ ನೋಡಿಕೊಂಡು ಬನ್ನಿ. ನೆರಿಗೆ ಬೀಳುವ ಜಾಗ, ಕೂತು ಕೂತು ಸವೆದ ಜಾಗ ಜಾಳಾಗಿ ಕಾಣುತ್ತೆ. ಅಲ್ಲಿ ಎರಡೂ ಹೆಬ್ಬೆರಳು ಇಟ್ಟು ಮೆಲ್ಲಗೆ ಎಳೆಯಿರಿ. ಚರ್ ಅಂದರೆ ಅದನ್ನು ಒಳಪದರಕ್ಕೆ ಹಾಕಿ. ಒಳಸೆರಗು, ಫಾಲ್ ಹಚ್ಚಿದ ಅಂಚು, ಸೆರಗು ಸಾಮಾನ್ಯವಾಗಿ ಗಟ್ಟಿ ಇರುತ್ತವೆ, ಅವು ಮೇಲ್ಮೈಗೆ. ಜರಿ ಅಂಚನ್ನು ಮುಖದ ಕಡೆ ಬರದ ಹಾಗೆ ಕಾಲ ಕಡೆ ಇಡಿ, ಚುಚ್ಚುತ್ತೆ.

ಬಣ್ಣದ ಪರೀಕ್ಷೆ ಬಿಡಲೇಬೇಡಿ. ಇಳಕಲ್ ಸೀರೆಯ ಕೆಂಪು ಸೆರಗು, ಕಡು ನೀಲಿ, ಮರೂನ್ ಬಂದರೆ ಒದ್ದೆ ಬಿಳಿ ಬಟ್ಟೆಯ ಮೇಲೆ ಇಟ್ಟು ಬಿಸಿ ಇಸ್ತ್ರಿ ಒತ್ತಿ ನೋಡಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ, ನೀರು ತಿಳಿಯಾಗುವ ತನಕ ತಣ್ಣೀರಲ್ಲಿ ಜಾಲಿಸಿ ಒಣಗಿಸಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತೆ ಅಂತ ಎಲ್ಲರೂ ಹೇಳ್ತಾರೆ. ಅದನ್ನು ನಂಬಿಕೊಂಡು ಬಿಳಿ ಪಟ್ಟಿಯ ಪಕ್ಕ ಕೆಂಪು ಇಡಬೇಡಿ.

ಅಳತೆ ಸುಲಭ. ಐದೂವರೆ ಮೀಟರ್ ಸೀರೆಯನ್ನು ನಡುವೆ ಕತ್ತರಿಸಿ ಎರಡು ತುಂಡನ್ನು ಪಕ್ಕಪಕ್ಕ ಜೋಡಿಸಿದರೆ ಸುಮಾರು 90 ಇಂಚು ಅಗಲ, 108 ಇಂಚು ಉದ್ದ. ಡಬಲ್ ಕಾಟ್‌ಗೆ ಒಂದು ಮೈ ಸಿಕ್ಕಿತು. ಎರಡು ಸೀರೆಗೆ ಎರಡೂ ಮೈ ಆಯಿತು, ಸವೆದ ಮೂರನೆಯದು ನಡುವೆ. ಕಾಟನ್ ಸೀರೆಗಳಾದರೆ ಒಳಗೆ ವ್ಯಾಡಿಂಗ್, ಅಂದರೆ ನಡುವೆ ತುಂಬುವ ಮೆತ್ತನೆ ಹಾಸು ಕೂಡ ಬೇಡ, ಬಯಲುಸೀಮೆ ಸೆಕೆಗೆ ತೆಳ್ಳಗೆ ಇದ್ದಷ್ಟೂ ಒಳ್ಳೇದು. ಕಾಟನ್ ಜೊತೆ ಸಿಂಥೆಟಿಕ್ ಸೀರೆ ಬೆರೆಸಬೇಡಿ. ಒಂದು ಜಗ್ಗುತ್ತೆ, ಇನ್ನೊಂದು ಜಗ್ಗಲ್ಲ. ಒಗೆದ ಮೇಲೆ ಕೌದಿ ಸೊಟ್ಟ ಆಗುತ್ತೆ.

ಈಗ ದರ. ಸಿಂಗಲ್ ಅಳತೆ, ಅಂದರೆ 60ಕ್ಕೆ 90 ಇಂಚಿನ, ಮಷೀನ್‌ನಲ್ಲಿ ಹೊಲಿದ ಕ್ವಿಲ್ಟ್ ಅಂತ ಇಟ್ಟುಕೊಳ್ಳಿ. ಲೈನಿಂಗ್ (ಹಿಂಬದಿ ಬಟ್ಟೆ), ವ್ಯಾಡಿಂಗ್, ದಾರ ಸೇರಿ 900 ರೂಪಾಯಿ. ಕತ್ತರಿಸಿ, ಜೋಡಿಸಿ, ಹೊಲಿದು, ಅಂಚು ಕಟ್ಟೋಕೆ 16 ಗಂಟೆ. ಗಂಟೆಗೆ 80 ಹಿಡಿದರೆ 1,280. ಸೂಜಿ, ಕರೆಂಟು, ಪ್ಯಾಕಿಂಗ್ 150. ಒಟ್ಟು 2,330. ಅದರ ಮೇಲೆ ಶೇ. 20 ಇಟ್ಟರೆ ಸುಮಾರು 2,800. ಆ ಶೇ. 20 ಯಾಕೆ ಅಂದರೆ, ಮಷೀನ್ ರಿಪೇರಿಗೆ ಬಂದಾಗ, ಕೆಲಸ ಇಲ್ಲದ ತಿಂಗಳಲ್ಲಿ ಕೈ ಹಿಡಿಯೋದು ಅದೇ. ನಿಮ್ಮ ಊರಿನ ದರ ಹಾಕಿಕೊಳ್ಳಿ, ಆದರೆ ಗಂಟೆಯ ಸಾಲು ಮಾತ್ರ ಬಿಡಬೇಡಿ. ನಮ್ಮ ಹೆಣ್ಣುಮಕ್ಕಳು ಬಟ್ಟೆ ಎಷ್ಟು, ದಾರ ಎಷ್ಟು ಅಂತ ಪೈಸೆ ಲೆಕ್ಕ ಬರೆಯುತ್ತಾರೆ, ತಮ್ಮ ಕೂಲಿ ಬರೆಯಲ್ಲ. ಮಧ್ಯಾಹ್ನ ಸುಮ್ನೆ ಕೂತಾಗ ಹೊಲಿದದ್ದು ತಾನೇ ಅಂತಾರೆ. ಸುಮ್ನೆ ಕೂತಿರಲಿಲ್ಲ, ದುಡಿಯುತ್ತಿದ್ದಿರಿ.

ಪೂರ್ತಿ ಕೈಹೊಲಿಗೆ ಕೌದಿಗೆ ಇದರ ಮೂರು-ನಾಲ್ಕು ಪಟ್ಟು ಸಮಯ ಹಿಡಿಯುತ್ತೆ. ಬೆರಳಗಲಕ್ಕೆ ಒಂದು ಸಾಲು ಅಂತ ಇಡೀ ಮೈ ತುಂಬ ಓಡುಹೊಲಿಗೆ ಹಾಕಬೇಕಲ್ವಾ? ಅದನ್ನು ಮೊದಲೇ ಹೊಲಿದು ಇಡಬೇಡಿ. ಕೇಳಿ, ಮುಂಗಡ ಕೊಟ್ಟವರಿಗೆ ಮಾತ್ರ ಮಾಡಿ.

ಬೆಂಗಳೂರಿನಿಂದ

ಧಾರವಾಡದವರು ಹೇಳಿದ್ದಕ್ಕೆ ಒಂದೇ ತಕರಾರು. ಬರೀ ಆರ್ಡರ್ ನೆಚ್ಚಿಕೊಂಡರೆ ಹೊಸಬರ ಕೈಯಲ್ಲಿ ತೋರಿಸೋಕೆ ಏನೂ ಇರಲ್ಲ. ಚಿಕ್ಕ ಸಾಮಾನು ಸ್ವಲ್ಪ ಮೊದಲೇ ಮಾಡಿಟ್ಟಿರಬೇಕು. ನಾನು ಗೋಡೆಗೆ ಹಾಕುವ ಬಟ್ಟೆಚಿತ್ರ, ಟೇಬಲ್ ರನ್ನರ್, 36ಕ್ಕೆ 45 ಇಂಚಿನ ಮಗುವಿನ ಹೊದಿಕೆ ಮಾಡುತ್ತೇನೆ. ಗುಳೇದಗುಡ್ಡದ ಖಣದ (ನೇಯ್ದ ರವಿಕೆ ಬಟ್ಟೆ) ತುಂಡು ಇದ್ದರಂತೂ ಬಟ್ಟೆಚಿತ್ರಕ್ಕೆ ಬೇರೆ ಅಲಂಕಾರವೇ ಬೇಡ. ಬ್ಲೌಸ್ ಹೊಲಿಯುವವರ ಬಳಿ ಅಂಗೈ ಅಗಲದ ಚೂರು ಬೇಕಾದಷ್ಟು ಉಳಿಯುತ್ತೆ, ನಿಮ್ಮ ಮನೆಯಲ್ಲೇ ಇದೆ ನೋಡಿ. ಕಡಿಮೆ ಬಿದ್ದರೆ ಚಿಕ್ಕಪೇಟೆ.

ದೊಡ್ಡ ಮಷೀನ್ ಈಗ ಬೇಡ. ಇರುವ ಮಷೀನ್‌ಗೆ ವಾಕಿಂಗ್ ಫೂಟ್ ಅಂತ ಬಟ್ಟೆ ಒತ್ತಿ ಹಿಡಿಯುವ ಬಿಡಿಭಾಗ ಸಿಗುತ್ತಾ ನೋಡಿ. ಮೂರು ಪದರ ಹೊಲಿಯುವಾಗ ಮೇಲಿನ ಬಟ್ಟೆ ಮುಂದಕ್ಕೆ ಓಡಿ ಸುಕ್ಕು ಬೀಳುತ್ತಲ್ಲ, ಅದನ್ನು ಈ ಫೂಟ್ ತಡೆಯುತ್ತೆ. ಸೂಜಿ 14 ನಂಬರು, ಹೊಲಿಗೆ ಉದ್ದ ಮೂರು ಮಿಲಿಮೀಟರ್ ಹತ್ತಿರ. ಪದರಗಳನ್ನು ಮೊದಲು ನೆಲದ ಮೇಲೆ ಹರಡಿ ಕಚ್ಚಾ ಹೊಲಿಗೆ ಹಾಕಿ. ಮಷೀನ್ ಹೊಲಿಗೆ ನಡುವಿನಿಂದ ಶುರು ಮಾಡಿ ಅಂಚಿನ ಕಡೆಗೆ ಹೋಗಿ. ಲೈನಿಂಗ್ ನಾಲ್ಕೂ ಕಡೆ ಮೂರು-ನಾಲ್ಕು ಇಂಚು ದೊಡ್ಡದಿರಲಿ, ಹೊಲಿಯುತ್ತಾ ಎಳೆದುಕೊಳ್ಳುತ್ತೆ. ದುಡ್ಡು ಹಾಕೋದಾದರೆ ರೋಟರಿ ಕಟರ್ (ಉರುಳುವ ದುಂಡು ಬ್ಲೇಡ್), ಅದರ ಕೆಳಗೆ ಹಾಸುವ ಮ್ಯಾಟ್‌ಗೆ ಹಾಕಿ. ಕತ್ತರಿಗೆ ಹಿಡಿಯುವ ಸಮಯದಲ್ಲಿ ಅರ್ಧಕ್ಕರ್ಧ ಉಳಿಯುತ್ತೆ, ಚೌಕಗಳು ಒಂದೇ ಸಮ ಬರುತ್ತವೆ.

ಕೊರಿಯರ್ ವಿಷಯ ಯಾರೂ ಹೇಳಲ್ಲ, ನಾನು ಹೇಳುತ್ತೇನೆ. ಕ್ವಿಲ್ಟ್ ತೂಕ ಕಡಿಮೆ, ಗಾತ್ರ ಜಾಸ್ತಿ. ಖಾಸಗಿ ಕೊರಿಯರ್‌ನವರು ಬಹುತೇಕ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಬಂದದ್ದನ್ನೇ ಕಿಲೋ ಅಂತ ಹಿಡಿಯುತ್ತಾರೆ. 50, 40, 25 ಇರುವ ಡಬ್ಬ 10 ಕಿಲೋ ಆಗುತ್ತೆ, ಒಳಗಿನ ಕ್ವಿಲ್ಟ್ ಎರಡೇ ಕಿಲೋ ಇದ್ದರೂ. ಗಾಳಿ ಎಳೆಯುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎತ್ತರ 10ಕ್ಕೆ ಇಳಿಸಿದರೆ ಅದೇ 4 ಕಿಲೋ. ದರ ಹೇಳುವ ಮೊದಲು ಪ್ಯಾಕ್ ಮಾಡಿ ಅಳೆದು ನೋಡಿ.

ಯಲ್ಲಾಪುರದಿಂದ

ನಮ್ಮ ಕಡೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿಗೆ ಕವಂದಿ ಅಂತಾರೆ. ಅವರು ಮೇಲೆ ಹೇಳಿದ ಹಾಗೆ ನಡುವಿನಿಂದ ಶುರು ಮಾಡಲ್ಲ. ಅಂಚಿನಿಂದ ತುಂಡು ಇಡುತ್ತಾ, ಸುತ್ತು ಸುತ್ತಾಗಿ ಕೈಯಲ್ಲೇ ಹೊಲಿಯುತ್ತಾ ಒಳಗೆ ಹೋಗುತ್ತಾರೆ. ನಾಲ್ಕು ಮೂಲೆಗೆ ಮಡಚಿದ ತ್ರಿಕೋನದ ತುಂಡು ಇಡುತ್ತಾರೆ, ಅದಕ್ಕೆ ಫುಲ ಅನ್ನೋದು. ಫುಲ ಇಲ್ಲದಿದ್ದರೆ ಅವರ ಲೆಕ್ಕದಲ್ಲಿ ಕವಂದಿ ಮುಗಿದೇ ಇಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಬಂದರೆ ಕೂತು ನೋಡಿ, ಕಣ್ಣಿಗೇ ಪಾಠ.

ನನ್ನ ಕೋರಿಕೆ ಒಂದೇ. ಅವರ ರೀತಿಯನ್ನು ಕಲಿಯಿರಿ, ಮೆಚ್ಚಿ. ಆದರೆ ನೀವು ಹೊಲಿದದ್ದಕ್ಕೆ "ಸಿದ್ದಿ ಕವಂದಿ" ಅಂತ ಚೀಟಿ ಹಚ್ಚಿ ಮಾರಬೇಡಿ. ಆ ಹೆಸರು ಅವರ ಅನ್ನ. ದೊಡ್ಡ ಆರ್ಡರ್ ಬಂದು ನಿಮ್ಮ ಕೈ ಸಾಲದೆ ಹೋದರೆ ಅವರಿಂದಲೇ ಹೊಲಿಸಿ, ಗಂಟೆ ಲೆಕ್ಕದಲ್ಲಿ ಕೂಲಿ ಕೊಡಿ, ಮಾಡಿದವರು ಯಾರು ಅಂತ ಗಿರಾಕಿಗೆ ಹೇಳಿ. ಊರೂರು ತಿರುಗಿ ಕೌದಿ ಹೊಲಿಯುವ ಬಯಲುಸೀಮೆ ಹೆಂಗಸರಿಗೂ ಇದೇ ಮಾತು.

ಶಿವಮೊಗ್ಗದಿಂದ

ನಾನು ಸಣ್ಣ ಉದ್ಯಮದವರ ಲೆಕ್ಕ ಬರೆಯುತ್ತೇನೆ, ಕಾಗದಪತ್ರದ್ದು ಹೇಳುತ್ತೇನೆ. ಸಣ್ಣ ಉದ್ಯಮಗಳಿಗೆ ಇರುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ದುಡ್ಡು ಕೇಳುವ ಸೈಟ್‌ಗಳು ಬೇರೆಯವರದ್ದು, ಕೊಡಬೇಡಿ. ಕರ್ನಾಟಕದ ಒಳಗೇ, ಬರೀ ಸರಕು ಮಾರುವುದಾದರೆ ವರ್ಷದ ವಹಿವಾಟು 40 ಲಕ್ಷ ದಾಟುವ ತನಕ ಜಿಎಸ್‌ಟಿ ನೋಂದಣಿ ಬೇಡ. ಗಿರಾಕಿ ಕೊಟ್ಟ ಸೀರೆಗೆ ಹೊಲಿಗೆ ಕೂಲಿ ತಗೊಂಡರೆ ಅದು ಸೇವೆ, ಅಲ್ಲಿ ಮಿತಿ 20 ಲಕ್ಷ. ಬೇರೆ ರಾಜ್ಯಕ್ಕೆ ಮಾರುವಾಗ ನಿಯಮ ಬೇರೆ, ಮೊದಲ ಪಾರ್ಸಲ್‌ಗೂ ಮುಂಚೆ ಒಬ್ಬ ಆಡಿಟರ್‌ನ ಕೇಳಿ. 2023ರಲ್ಲಿ ಶುರುವಾದ, ಕುಶಲಕರ್ಮಿಗಳಿಗೆ ನೆರವಾಗುವ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ಉಪಕರಣಕ್ಕೆ 15,000 ರೂಪಾಯಿ, ಶೇ. 5 ಬಡ್ಡಿಗೆ ಸಾಲ, ಮೊದಲ ಕಂತು ಒಂದು ಲಕ್ಷದವರೆಗೆ. ಮನೆಗೆ ಒಬ್ಬರಿಗೆ ಮಾತ್ರ. ಈಗ ಅರ್ಜಿ ತಗೋತಾರಾ ಅಂತ ಹತ್ತಿರದ ಸೇವಾ ಕೇಂದ್ರದಲ್ಲಿ ವಿಚಾರಿಸಿ. ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸ್ವಸಹಾಯ ಸಂಘದಲ್ಲಿ ಇದ್ದರೆ, ಸಂಘಗಳ ಸರಕು ಮಾರುವ ಸರಸ್ ಮೇಳದಲ್ಲಿ ಮಳಿಗೆ ಸಿಗುವ ಅವಕಾಶ ಇರುತ್ತೆ, ಸಂಘದಲ್ಲಿ ಕೇಳಿ.

ಅಮೆರಿಕದಿಂದ

ಚಿಕ್ಕ ಸಲಹೆ. ಇಲ್ಲಿನ ಕನ್ನಡದವರು ಅಜ್ಜಿ ಸೀರೆ ಕೌದಿ ಮಾಡಿಸಿ ತರಿಸಿಕೊಳ್ಳುತ್ತಾರೆ. ಆದರೆ ಇಲ್ಲಿ ಬಿಸಿಲಿಗೆ ಹರವುವವರು ಕಡಿಮೆ, ಎಲ್ಲ ಬಿಸಿ ಡ್ರೈಯರ್‌ಗೆ ಹೋಗುತ್ತೆ. ಹೊಸ ಕಾಟನ್ ಲೈನಿಂಗ್ ಅದರಲ್ಲಿ ಚೆನ್ನಾಗಿ ಕುಗ್ಗುತ್ತೆ, ಎಷ್ಟೋ ಸಲ ಒಗೆದ ಸೀರೆ ಅಷ್ಟು ಕುಗ್ಗಲ್ಲ. ಹಾಗಾಗಿ ಲೈನಿಂಗ್ ಅನ್ನು ಬಿಸಿನೀರಲ್ಲಿ ನೆನೆಸಿ, ಒಣಗಿಸಿ ಆಮೇಲೆ ಹೊಲಿಯಿರಿ. ಹೇಗೆ ಒಗೆಯಬೇಕು ಅಂತ ಬಟ್ಟೆಯ ಪಟ್ಟಿಯಲ್ಲಿ ಬರೆದು ಒಂದು ಮೂಲೆಗೆ ಹೊಲಿದುಬಿಡಿ. ಕಾಗದದ ಚೀಟಿ ಮೊದಲ ದಿನವೇ ಕಸದ ಬುಟ್ಟಿಗೆ ಹೋಗುತ್ತೆ.

ದಾವಣಗೆರೆಯಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಂಟೆಯ ಲೆಕ್ಕ ಇವತ್ತೇ ಪುಸ್ತಕದಲ್ಲಿ ಬರೆದುಕೊಂಡೆ. ಇನ್ನೆರಡು ಪ್ರಶ್ನೆ. ರೇಷ್ಮೆ ಸೀರೆ ತಂದರೆ ಏನು ಮಾಡೋದು? ಸಂಬಂಧಿಕರು "ನಮಗೂ ದುಡ್ಡಾ?" ಅಂದರೆ?

ಧಾರವಾಡದಿಂದ

ಹಳೇ ರೇಷ್ಮೆ ಮಡಿಕೆ ಬಿದ್ದ ಗೆರೆಯಲ್ಲೇ ಸೀಳುತ್ತೆ, ಸುಮ್ನೆ ಹೊಲಿದರೆ ನಿಲ್ಲಲ್ಲ. ಹಿಂದೆ ತೆಳು ಮಲ್ ಬಟ್ಟೆ ಅಥವಾ ಇಸ್ತ್ರಿಗೆ ಅಂಟುವ ಕ್ಯಾನ್ವಾಸ್ ಕೊಟ್ಟು ಆಮೇಲೆ ಕತ್ತರಿಸಿ. ದಿನಾ ಹೊದೆಯುವುದಕ್ಕೆ ಬೇಡ, ಗೋಡೆಗೆ ಹಾಕುವ ಹಾಗೆ ಅಥವಾ ಕುಶನ್ ಕವರ್ ಮಾಡೋಣ ಅಂತ ಗಿರಾಕಿಗೆ ನೀವೇ ಹೇಳಿ. ನೀರಿಗೆ ಹಾಕಬಾರದು, ಡ್ರೈಕ್ಲೀನ್ ಅಂತಲೂ ಹೇಳಿ.

ಸಂಬಂಧಿಕರಿಗೆ ನಾನು ಬಾಣಂತಿ ಮನೆಗೆ ಮಾತ್ರ ಕೈಯಾರೆ ಒಂದು ಪುಟ್ಟ ಕೌದಿ ಉಡುಗೊರೆ ಕೊಡುತ್ತೇನೆ, ಮಿಕ್ಕದ್ದಕ್ಕೆಲ್ಲ ದರಪಟ್ಟಿಯೇ. ಪಟ್ಟಿ ಗೋಡೆಗೆ ಅಂಟಿಸಿದ ಮೇಲೆ ಕೇಳೋದು ತಾನಾಗೇ ಕಡಿಮೆ ಆಯಿತು.

ಆರ್ಡರ್ ತಗೊಳ್ಳುವಾಗ ನಾನು ಒಂದು ಹಾಳೆಯಲ್ಲಿ ಬರೆಸಿಕೊಳ್ಳುವುದು ಇಷ್ಟು: ಎಷ್ಟು ಸೀರೆ ಕೊಟ್ಟರು, ಒಂದೊಂದರ ಫೋಟೋ, ಹರಿದ ಜಾಗ, ಕಲೆ ಎಲ್ಲಿದೆ, ಕತ್ತರಿಸಲು ಒಪ್ಪಿಗೆ ಇದೆಯಾ, ಯಾವ ಭಾಗ ಕಾಣಲೇಬೇಕು, ಅಳತೆ, ಯಾವಾಗ ಬೇಕು, ಅರ್ಧ ಮುಂಗಡ, ಉಳಿದ ತುಂಡು ವಾಪಸ್ ಬೇಕಾ ಬೇಡವಾ. ಕೆಳಗೆ ಅವರ ಸಹಿ, ನನ್ನ ಸಹಿ. ಉಳಿದ ತುಂಡಿನ ಪ್ರಶ್ನೆ ಮಾತ್ರ ಮರೆಯಬೇಡಿ. ಬಹಳಷ್ಟು ಜನ ಒಂದು ಚೂರನ್ನೂ ಬಿಡದೆ ವಾಪಸ್ ಕೇಳುತ್ತಾರೆ.