ಅಲಂಗ್‌ನಿಂದ ತರಿಸಿದ ಹಳೇ ಬುಖ್ ಎಂಜಿನ್, ಹ್ಯಾಂಡಲ್ ತಿರುಗ್ತಿಲ್ಲ, ಎಂತ ಮಾಡೂದು?

ಗಂಗೊಳ್ಳಿ_ಪಾತಿ:
ನಮಸ್ಕಾರ ಎಲ್ರಿಗೂ. ಅಜ್ಜನ ಕಾಲದ್ದೊಂದು 22 ಅಡಿ ಮರದ ದೋಣಿ ಇದೆ, ಮೀನಿಗಲ್ಲ, ಸುಮ್ನೆ ಪಂಚಗಂಗಾವಳಿಲಿ ಆಚೆ ಈಚೆ ಹೋಗೋಕೆ. ಔಟ್‌ಬೋರ್ಡ್ ಹಾಕೋಕೆ ಮನಸ್ಸಿಲ್ಲ, ಆ ಕಿರಿಚಾಟ ನಂಗಾಗಲ್ಲ. ಹೋದ ತಿಂಗಳು ಪರಿಚಯದವರೊಬ್ರು ಗುಜರಾತಿನ ಅಲಂಗ್‌ನಿಂದ, ಅದೇ ಹಡಗು ಒಡೆಯೋ ಜಾಗ, ಲಾರಿಲಿ ಸಾಮಾನು ತರಿಸುವಾಗ ಒಂದು ಲೈಫ್‌ಬೋಟ್ ಎಂಜಿನ್ನೂ ಹಾಕಿಸಿಕೊಂಡು ಬಂದ್ರು. ಡೆನ್ಮಾರ್ಕಿನ ಬುಖ್, ಪ್ಲೇಟಲ್ಲಿ ಡಿವಿ 20 ಅಂತಿದೆ, ಎರಡು ಸಿಲಿಂಡರು, 20 ಎಚ್‌ಪಿ. ಮಾರಿದವ ಇದು ಓಡೇ ಇಲ್ಲ, ಹೊಸದೇ ಅಂದಿದ್ನಂತೆ. ಓಡಿಲ್ಲ ಅನ್ನೋದು ನಿಜ ಇರ್ಬೋದು, ಯಾಕಂದ್ರೆ ಈಗ ತಿರುಗೂದೂ ಇಲ್ಲ. ಸಿಲಿಂಡರಿನ ಒತ್ತಡ ಬಿಡಿಸೋ ಡಿಕಂಪ್ರೆಷನ್ ಲಿವರ್ ಎತ್ತಿ ಹ್ಯಾಂಡಲ್ ಹಾಕಿದ್ರೆ ನಾಲ್ಕು ಬೆರಳಿನಷ್ಟು ಬರುತ್ತೆ, ಆಮೇಲೆ ಟಕ್ ಅಂತ ನಿಲ್ಲುತ್ತೆ. ಹ್ಯಾಂಡಲಿಗೆ ಉದ್ದ ಪೈಪ್ ಸಿಕ್ಕಿಸಿ ಇಬ್ರು ಎಳೆದ್ರೆ ಬಿಡ್ಬೋದಾ? ಇನ್ನೊಂದು, ನೀರಿನ ಪೈಪು ಎರಡೂ ಕಡೆ ಗ್ಯಾಸ್ ಕಟರಲ್ಲಿ ಕೊಯ್ದಿದ್ದಾರೆ, ಸಮುದ್ರದ ನೀರು ಎಳೆಯೋ ಪಂಪೇ ಕಾಣ್ತಿಲ್ಲ, ಕೂಲಿಂಗ್ ಹೇಗೆ ಅಂತಲೇ ಅರ್ಥ ಆಗ್ತಿಲ್ಲ.

ಥರ್ಡ್_ಎಂಜಿನಿಯರ್:
ಪೈಪ್ ಸಿಕ್ಕಿಸಿ ಎಳೀಬೇಡಿ ದಯವಿಟ್ಟು. ನಾನು ಹಡಗಲ್ಲಿದ್ದಾಗ ಪ್ರತಿ ವಾರ ಲೈಫ್‌ಬೋಟ್ ಎಂಜಿನ್ ಸ್ಟಾರ್ಟ್ ಮಾಡೋದು ನನ್ನ ತಲೆಗೇ ಕಟ್ಟಿದ್ರು, ಅದಕ್ಕೆ ಹೇಳ್ತೀನಿ, ಓಡಿಲ್ಲ ಅಂದ್ರೆ ಒಳ್ಳೇದಿದೆ ಅಂತ ಅರ್ಥ ಅಲ್ಲ. ಸೋಲಾಸ್, ಅಂದ್ರೆ ಹಡಗಿನ ಸುರಕ್ಷತೆಯ ಅಂತರರಾಷ್ಟ್ರೀಯ ನಿಯಮದಲ್ಲಿ ವಾರಕ್ಕೊಂದ್ಸಲ ಕನಿಷ್ಠ 3 ನಿಮಿಷ ಓಡಿಸ್ಬೇಕು ಅಂತಿದೆ, ಹೆಚ್ಚಿನ ಕಡೆ 3 ನಿಮಿಷ ಆದ ತಕ್ಷಣ ಆಫ್, ಟೀ ಟೈಮ್ ಆಗಿರುತ್ತಲ್ಲ. ಎಂಜಿನ್ ಬಿಸಿನೇ ಆಗಲ್ಲ, ಮಸಿ ಹಿಡಿಯುತ್ತೆ, ಒಳಗೆ ನೀರಿನ ಪಸೆ ಕೂರುತ್ತೆ, ವರ್ಷಗಟ್ಟಲೆ ಇದೇ ಕಥೆ. ಬೇರಿಂಗು ಕ್ರ್ಯಾಂಕು ಹೊಸದರ ಹಾಗೇ ಇರ್ಬೋದು, ಪಿಸ್ಟನ್ ರಿಂಗು ವಾಲ್ವು ಮಾತ್ರ ಅಂಟಿರುತ್ತೆ.

ಪಂಪ್ ಕಾಣದ್ದಕ್ಕೂ ಕಾರಣ ಇದೆ. ಲೈಫ್‌ಬೋಟ್ ಎಂಜಿನ್ ನೀರಿಗಿಳಿಯೋ ಮೊದಲೇ, ಮೇಲೆ ನೇತಾಡ್ತಿರುವಾಗಲೇ ಕಮ್ಮಿ ಅಂದ್ರೂ 5 ನಿಮಿಷ ಓಡ್ಬೇಕು ಅಂತ ರೂಲ್ ಇದೆ. ಹೊರಗಿನ ನೀರನ್ನೇ ನಂಬಿದ್ರೆ ಆಗುತ್ತಾ? ಅದಕ್ಕೆ ಎಷ್ಟೋ ಬೋಟಲ್ಲಿ ಸಿಹಿನೀರು ಒಳಗೊಳಗೇ ಸುತ್ತುತ್ತೆ, ಬೋಟಿನ ಅಡಿಗೆ ಕೀಲ್ (ಅಡಿಯ ಬೆನ್ನೆಲುಬು) ಪಕ್ಕ ಹೋಗೋ ಪೈಪಲ್ಲಿ ತಣ್ಣಗಾಗಿ ವಾಪಸ್ ಬರುತ್ತೆ. ನಿಮ್ಮದೂ ಹಾಗೇ ಇದ್ದಿರ್ಬೇಕು, ಕೂಲರ್ ಬೋಟಿನ ಜೊತೆ ಹೋಗಿದೆ ಅಷ್ಟೆ.

ಹಳೇ_ಸ್ಪ್ಯಾನರ್:
ಮಲ್ಪೆ ಕಡೆ ಮೂವತ್ತು ವರ್ಷ ಬೋಟ್ ಎಂಜಿನ್ ಬಿಚ್ಚಿದವ ನಾನು. ಮಾರಾಯ್ರೆ, ನಾಲ್ಕು ಬೆರಳು ತಿರುಗಿ ಟಕ್ ಅಂತ ನಿಲ್ಲುತ್ತೆ ಅಂದ್ರೆ ಪೂರ್ತಿ ಜಾಮ್ ಅಲ್ಲ, ತುಕ್ಕಿನ ದಡೆಗೆ ರಿಂಗ್ ಹೋಗಿ ಬಡೀತಿದೆ. ಎಂಜಿನ್ ನಿಂತಾಗ ಒಂದು ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರೆದಿರ್ತದೆ, ಉಪ್ಪುಗಾಳಿ ಸೈಲೆನ್ಸರ್ ದಾರಿಲೇ ಒಳಗೆ ಬಂದು ಆ ಒಂದು ಲೈನರನ್ನು, ಅಂದ್ರೆ ಸಿಲಿಂಡರಿನ ಒಳಗೋಡೆಯನ್ನು, ತಿಂತದೆ, ಪಕ್ಕದ್ದು ಕನ್ನಡಿ ಹಾಗೆ ಇರ್ತದೆ. ಮೊದ್ಲು ಡೀಸೆಲ್ ಸಿಂಪಡಿಸುವ ಎರಡೂ ನಾಜಲ್ ತೆಗೀರಿ, ಟಾರ್ಚ್ ಬಿಟ್ಟು ನೋಡಿ. ಕೆಟ್ಟದ್ರ ಒಳಗೆ ಡೀಸೆಲ್ಲೂ ಗೇರ್ ಎಣ್ಣೆನೂ ಸಮ ಸಮ ಬೆರೆಸಿ ಒಂದು ಲೋಟ ಹಾಕಿ ನಾಲ್ಕು ದಿನ ಮುಟ್ಬೇಡಿ. ಆಮೇಲೆ ಫ್ಲೈವೀಲ್ ಹಿಡಿದು ಹಿಂದೆ ಸ್ವಲ್ಪ, ಮುಂದೆ ಸ್ವಲ್ಪ, ಅದು ಬಿಟ್ಟಷ್ಟೇ ನೀವು ತಗೊಳ್ಳಿ. ಜೋರು ಮಾಡಿದ್ರೆ ರಿಂಗ್ ತುಂಡಾಗಿ ಲೈನರ್ ಗೀರುತ್ತದೆ, ಮತ್ತೆ ಖರ್ಚು ನಿಮ್ಮ ದೋಣಿಗಿಂತ ಜಾಸ್ತಿ.

ಇನ್ನೊಂದು, ಬುಖ್ ಒಳಗೆ ಬ್ಯಾಲೆನ್ಸ್ ಶಾಫ್ಟ್ ಇದೆ, ಅದಕ್ಕೇ ಆ ಸಣ್ಣ ಎಂಜಿನ್ ಅಷ್ಟು ಮೆತ್ತಗೆ ಓಡೂದು. ಟೈಮಿಂಗ್ ಕವರ್ ಬಿಚ್ಚುದಾದ್ರೆ ಗೇರಿನ ಗುರುತು ನೋಡಿ ಫೋಟೋ ತೆಗೆದೇ ಬಿಚ್ಚಿ, ಒಂದು ಹಲ್ಲು ತಪ್ಪಿ ಕೂಡಿಸಿದ್ರೆ ದೋಣಿಯ ಮೊಳೆ ಎಲ್ಲ ಸಡಿಲ ಆಗ್ತದೆ.

ಬೈಕ್_ಬೋಟ್_ಬಾಡೂಟ:
ಇಷ್ಟೆಲ್ಲ ಯಾಕೆ ಗುರುಗಳೇ, ರಾಜ್‌ಕೋಟ್ ಕಡೆಯ ಪಂಪ್‌ಸೆಟ್ ಎಂಜಿನ್ ಹೊಸದು ತಗೊಂಡು ಕೂರಿಸಿ, ಸ್ಪೇರೂ ಸಲೀಸಾಗಿ ಸಿಗುತ್ತೆ. ಬುಖ್‌ಗೆ ಒಂದು ಗ್ಯಾಸ್ಕೆಟ್ ಬೇಕಂದ್ರೂ ಹೊರಗಿಂದ ತರಿಸ್ಬೇಕು.

ಹಳೇ_ಸ್ಪ್ಯಾನರ್:
ಸ್ಪೇರ್ ವಿಷಯ ಸರಿ, ಒಪ್ಪಿದೆ. ಆದ್ರೆ ದಪ್ಪ ಫ್ಲೈವೀಲಿನ ಒಂಟಿ ಸಿಲಿಂಡರ್ ಪಂಪ್‌ಸೆಟ್ಟನ್ನು 22 ಅಡಿ ಮರದ ದೋಣಿಗೆ ಕೂರಿಸಿ ಒಂದು ಮಳೆಗಾಲ ಕಳೀಲಿ, ಆಮೇಲೆ ಸಂದು ಸಂದಲ್ಲೂ ನೀರು ಯಾಕೆ ಬರ್ತದೆ ಅಂತ ಇಲ್ಲೇ ಬಂದು ಕೇಳ್ತಾರೆ.

ಗಂಗೊಳ್ಳಿ_ಪಾತಿ:
ಹನ್ನೊಂದು ದಿನ ಆಯ್ತು, ಅಪ್‌ಡೇಟ್ ಹಾಕ್ತಿದ್ದೇನೆ. ಸ್ಪ್ಯಾನರ್ ಅಣ್ಣ, ನೀವು ನೋಡಿದವರ ಹಾಗೇ ಹೇಳಿದ್ರಿ. ಹಿಂದಿನ ಸಿಲಿಂಡರ್ ಫಳಫಳ, ಮುಂದಿನದ್ರಲ್ಲಿ ಬಳೆ ಹಾಗೆ ಒಂದು ತುಕ್ಕಿನ ಸುತ್ತು, ಬೆಲ್ಲದ ಬಣ್ಣ. ಎಣ್ಣೆ ಹಾಕಿಟ್ಟೆ, ನಾಲ್ಕನೇ ದಿನ ಎಂತ ಆಗ್ಲಿಲ್ಲ, ಆರನೇ ದಿನ ಬೆಳಿಗ್ಗೆ ಫ್ಲೈವೀಲ್ ಒಂದು ಗೇಣು ಬಂತು, ಸಂಜೆಗೆ ಪೂರ್ತಿ ಒಂದು ಸುತ್ತು! ಅಮ್ಮ ಒಳಗಿಂದ ಯಾರು ಬಂದ್ರು ಅಂತ ಕೇಳಿದ್ರು, ನಾನು ಅಷ್ಟು ಜೋರು ಕೂಗಿದ್ದೆ. ಎಕ್ಸಾಸ್ಟ್ ಎಲ್ಬೋ ಮಾತ್ರ ಕೈಯಲ್ಲಿ ಹಿಡಿದ್ರೆ ಹಪ್ಪಳ. ನಾಳೆ ನಾಜಲ್ ಹಾಕಿ ಸ್ಟಾರ್ಟ್ ಮಾಡ್ಲಾ?

ಥರ್ಡ್_ಎಂಜಿನಿಯರ್:
ತಡೀರಿ, ಆ ನೆನೆಸಿದ ಎಣ್ಣೆ ಇನ್ನೂ ಒಳಗಿದೆ. ನಾಜಲ್ ಇಲ್ಲದೆ ತೂತಿನ ಮೇಲೆ ಬಟ್ಟೆ ಮುಚ್ಚಿ ಚೆನ್ನಾಗಿ ತಿರುಗಿಸಿ ಹೊರಗೆ ಹಾಕಿ, ಕೆಳಗಿನ ಆಯಿಲ್ ತೊಟ್ಟಿಗೂ (ಸಂಪ್) ಇಳಿದಿರುತ್ತೆ, ಎಂಜಿನ್ ಆಯಿಲ್ ಫಿಲ್ಟರ್ ಎರಡೂ ಬದಲಿಸಿ. ಇಲ್ದಿದ್ರೆ ಡೀಸೆಲ್ ಬಂದ್ ಮಾಡಿದ್ರೂ ಆ ಎಣ್ಣೆ ಕುಡಿದೇ ಎಂಜಿನ್ ತಾನೇ ತಾನಾಗಿ ರೇಸ್ ಆಗ್ಬೋದು. ಮೊದಲ ಸ್ಟಾರ್ಟ್ ಟೈಮಲ್ಲಿ ರೇಸ್ ಆದ್ರೆ ಗಾಳಿ ಎಳೆಯೋ ಬಾಯಿ ಮುಚ್ಚಿ ನಿಲ್ಲಿಸೋಕೆ ಒಂದು ದಪ್ಪ ಹಲಗೆ ಹಿಡಿದು ಒಬ್ಬರು ನಿಂತಿರ್ಲಿ, ಬರೀ ಕೈ ಇಡ್ಬೇಡಿ. ನಾಜಲ್‌ನ ಪಂಪ್ ಅಂಗಡಿಲಿ ಚೆಕ್ ಮಾಡಿಸ್ಕೊಳ್ಳಿ, ಸ್ಪ್ರೇ ಮುಂದೆ ಬೆರಳು ತರಬೇಡಿ, ಚರ್ಮ ತೂತು ಮಾಡಿ ಡೀಸೆಲ್ ಒಳಗೆ ಹೋಗುತ್ತೆ.

ಹಳೇ_ಸ್ಪ್ಯಾನರ್:
ಕೂಲಿಂಗ್‌ಗೆ ಉಪ್ಪುನೀರನ್ನೇ ನೇರ ಎಂಜಿನ್ನಿಗೆ ಬಿಡುವ ಐಡಿಯಾ ಬಂದ್ರೆ ಬಿಡಿ, ನೀರು 60 ಡಿಗ್ರಿ ದಾಟಿದ್ರೆ ಉಪ್ಪು ಒಳಗೇ ಗಟ್ಟಿ ಕೂರ್ತದೆ. ಅದು ಹುಟ್ಟಿದ ಹಾಗೇ ಸಿಹಿನೀರಲ್ಲೇ ಇರ್ಲಿ, ದೋಣಿಯ ಅಡಿಗೆ ತಾಮ್ರದ ಪೈಪ್ ಹಾಕ್ಸಿ, ತಾಮ್ರಕ್ಕೆ ಚಿಪ್ಪು ಅಷ್ಟು ಬೇಗ ಹಿಡಿಯೂದಿಲ್ಲ. ಕ್ಲಾಂಪಿಗೆ ಕಬ್ಬಿಣದ ಬೋಲ್ಟ್ ಮಾತ್ರ ಬೇಡ. ನಿಮ್ಮ ಅಳಿವೆ ಕಡೆ ಮರಳು ಎಲ್ಲಿ ಎದ್ದಿರ್ತದೆ ಅಂತ ಹೇಳ್ಲಿಕ್ಕೆ ಬರೂದಿಲ್ಲ, ಹಾಗಾಗಿ ಪೈಪ್ ಕೀಲ್‌ಗಿಂತ ಕೆಳಗೆ ಇಳೀದ ಹಾಗೆ ಒತ್ತಿ ಕೂರಿಸಿ, ಹೊರಮಗ್ಗುಲಿಗೆ ಒಂದು ಮರದ ಪಟ್ಟಿ ಹೊಡೀರಿ. ಎಲ್ಬೋ ಬಿಸಾಡ್ಬೇಡಿ, ಅಳತೆಗೆ ಬೇಕು, ಉಡುಪಿಲಿ ಲೇತ್‌ನವರು ಸ್ಟೀಲಲ್ಲಿ ಮಾಡಿ ಕೊಡ್ತಾರೆ.

ಗಂಗೊಳ್ಳಿ_ಪಾತಿ:
ಸರಿ ಅಣ್ಣ, ಎಲ್ಬೋ ಚೂರು ಎಲ್ಲ ಒಂದು ತೊಟ್ಟೆಗೆ ಹಾಕಿಟ್ಟಿದ್ದೇನೆ. ಹಲಗೆ ಹಿಡಿಲಿಕ್ಕೆ ತಮ್ಮನ್ನ ಒಪ್ಪಿಸ್ಬೇಕು ಈಗ.