ದಾಂಪತ್ಯದ್ರೋಹ ಮತ್ತು ವಿಚ್ಛೇದನ: ಸಭಾಪಾಲಕರೊಂದಿಗೆ ಪ್ರಶ್ನೋತ್ತರ

ಸದಸ್ಯೆ, ಹುಬ್ಬಳ್ಳಿ: ಅಯ್ಯನವರಿಗೆ ವಂದನೆಗಳು. ಒಗೆಯಲು ತೆಗೆದ ಗಂಡನ ಅಂಗಿಯ ಜೇಬಿನಲ್ಲಿ ಲಾಡ್ಜ್ ರಸೀದಿ ಸಿಕ್ಕಿತು; ಕೇಳಿದಾಗ ಎರಡು ವರ್ಷಗಳ ಸಂಬಂಧವನ್ನು ಒಪ್ಪಿಕೊಂಡರು. ಮಗಳೊಂದಿಗೆ ತವರಿನಲ್ಲಿದ್ದೇನೆ. ಸಭೆಯ ಹಿರಿಯರು ಸತ್ಯವೇದವನ್ನು ನನ್ನ ಮುಂದಿಟ್ಟು, ಕ್ಷಮಿಸಿ ಈ ಭಾನುವಾರವೇ ಹಿಂದಿರುಗು ಎನ್ನುತ್ತಿದ್ದಾರೆ. ವಿಚ್ಛೇದನ ಕೇಳಿದರೆ ಪಾಪವೇ?

ಸಭಾಪಾಲಕರು: ಅಲ್ಲಮ್ಮಾ. ದೇವರು ಕೂಡಿಸಿದ್ದನ್ನು ಮನುಷ್ಯನು ಅಗಲಿಸಬಾರದೆಂದ ಯೇಸುವೇ ಮತ್ತಾಯ 19:9ರಲ್ಲಿ ಹಾದರದ ಕಾರಣವನ್ನು ಹೊರತುಪಡಿಸಿದ್ದಾನೆ. ಅದು ಅನುಮತಿ, ಅಪ್ಪಣೆಯಲ್ಲ. ಗಂಡನು ನಿಜವಾಗಿ ತಿರುಗಿಕೊಂಡರೆ ಮದುವೆಯನ್ನು ಉಳಿಸಿಕೊಳ್ಳುವ ಸ್ವಾತಂತ್ರ್ಯವೂ ನಿಮ್ಮದೇ. ಕ್ಷಮೆಯೆಂದರೆ ಹಗೆಯನ್ನು ಬಿಡುವುದು, ಭಾನುವಾರವೇ ಅದೇ ಹಾಸಿಗೆಗೆ ಮರಳುವುದಲ್ಲ. ನನಗೆ ಭಯವಾಗುತ್ತಿರುವುದು ಈ ಅವಸರವನ್ನು ನೋಡಿ. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯಂತೆ, ತಪ್ಪನ್ನು ಮನ್ನಿಸಿ ದಾಂಪತ್ಯವನ್ನು ಮತ್ತೆ ಆರಂಭಿಸಿದವರು ಮುಂದೆ ಅದೇ ತಪ್ಪಿನ ಮೇಲೆ ಹಾಕುವ ಅರ್ಜಿ ನಿಲ್ಲದೆ ಹೋಗಬಹುದು. ಮೊದಲು ವಕೀಲರನ್ನು ಕಾಣಿರಿ, ಇಬ್ಬರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಿರಿ, ರಸೀದಿಯನ್ನು ಜೋಪಾನವಾಗಿಡಿರಿ. ಅವರು ಆ ಸಂಬಂಧವನ್ನು ಕಡಿದುಕೊಂಡರೇ ಎಂಬುದನ್ನು ತಿಂಗಳುಗಟ್ಟಲೆ ನೋಡಿಯೇ ತಿಳಿಯಬೇಕು.

ಸದಸ್ಯರು, ಮೈಸೂರು: ವಿಚ್ಛೇದನಕ್ಕೆ ಬೈಬಲಿನಲ್ಲಿ ಅನುಮತಿಯಿದೆಯೇ?

ಸಭಾಪಾಲಕರು: ಮೇಲೆ ಬರೆದಿದ್ದೇನೆ, ಓದಿರಿ.

ಸದಸ್ಯೆ, ಶಿವಮೊಗ್ಗ: ಫಾರ್ವರ್ಡ್ ಬಂದಿದೆ. 21 ದಿನ ಉಪವಾಸವಿದ್ದು ಗಂಡನ ದಿಂಬಿಗೆ ಅಭಿಷೇಕದ ಎಣ್ಣೆ ಹಚ್ಚಿದರೆ ಪರಸ್ತ್ರೀಯ ಮೋಹ ಬಿಡುತ್ತದಂತೆ.

ಸಭಾಪಾಲಕರು: ಇದನ್ನು ಯಾರಿಗೂ ಕಳುಹಿಸಬೇಡಿರಿ. ಈ ವಾರ ನನಗಿದು ನಾಲ್ಕನೆಯ ಸಲ ಬಂದಿದೆ. ಉಪವಾಸವು ವಶೀಕರಣವಲ್ಲ. ಗಂಡ ಬರದಿದ್ದರೆ ನಿನ್ನ ವಿಶ್ವಾಸವೇ ಸಾಲದೆಂಬ ದೂರನ್ನೂ ಹೆಂಡತಿಯೇ ಹೊರಬೇಕಾಗುತ್ತದೆ.

ಸದಸ್ಯರು, ಬೀದರ್: ತಪ್ಪಿದವನು ನಾನೇ. ಹೆಂಡತಿ ವಿಚ್ಛೇದನ ಪಡೆದಿದ್ದಾಳೆ, ನಾನು ಪಶ್ಚಾತ್ತಾಪಪಟ್ಟಿದ್ದೇನೆ. ನನಗೆ ಚರ್ಚಿನಲ್ಲಿ ಮರುಮದುವೆ ಸಾಧ್ಯವೇ?

ಸದಸ್ಯರು, ಮಂಗಳೂರು: ನಮ್ಮ ಕಥೋಲಿಕ ಧರ್ಮಸಭೆಯಲ್ಲಿ ಹಾದರವಾದರೂ ಬೇರೆಯಾಗಿ ಬಾಳಬಹುದಷ್ಟೆ, ಮದುವೆಯ ಬಂಧ ಉಳಿಯುತ್ತದೆ. ನೀವು ಬಹಳ ಸಲೀಸಾಗಿ ಬಿಡಿಸುತ್ತೀರಿ.

ಸದಸ್ಯೆ, ಧಾರವಾಡ: ಹಾಗಾದರೆ ಮದುವೆಯ ವ್ಯಾಜ್ಯ ನೋಡುವ ನಿಮ್ಮ ಚರ್ಚಿನ ಟ್ರಿಬ್ಯೂನಲ್ ಮಾಡುವುದೇನು?

ಸದಸ್ಯರು, ಮಂಗಳೂರು: ಮದುವೆಯು ಮೊದಲಿನಿಂದಲೇ ಸಿಂಧುವಾಗಿರಲಿಲ್ಲವೆಂದು ಘೋಷಿಸುತ್ತದೆ. ತಿಳಿಯದೆ ಮಾತನಾಡಬೇಡಿ. ಆ ಪತ್ರವಿದ್ದರೆ ಕೋರ್ಟಿಗೂ ಹೋಗಬೇಕಿಲ್ಲ.

ಸಭಾಪಾಲಕರು: ಕೊನೆಯ ಮಾತು ತಪ್ಪು. ಚರ್ಚಿನ ತೀರ್ಪು ಕಾನೂನಿನ ವಿಚ್ಛೇದನವಾಗದೆಂಬ ನಿಲುವನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಎತ್ತಿಹಿಡಿದಿದೆ. ಅದೊಂದನ್ನೇ ನಂಬಿ ಮರುಮದುವೆಯಾದವರು ಮೊಕದ್ದಮೆ ಎದುರಿಸಬೇಕಾದೀತು.

ಸದಸ್ಯರು, ಮಂಗಳೂರು: ಏನೇ ಆದರೂ ಹೆಂಗಸು ತಾಳಿಕೊಂಡರೆ ಮನೆ ಉಳಿಯುತ್ತದೆ.

ಸದಸ್ಯೆ, ಧಾರವಾಡ: ಆ 1869ರ ಕಾಯ್ದೆಗೆ 2001ರಲ್ಲಿ ತಿದ್ದುಪಡಿಯಾಗುವವರೆಗೆ ಕಾನೂನೂ ಇದನ್ನೇ ಹೇಳುತ್ತಿತ್ತು. ಗಂಡನಿಗೆ ಹೆಂಡತಿಯ ಹಾದರವೊಂದೇ ಸಾಕಿತ್ತು. ಹೆಂಡತಿ ಮಾತ್ರ ಹಾದರದ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ಸಾಬೀತುಪಡಿಸಬೇಕಿತ್ತು. ನಿಮ್ಮ ಉಪದೇಶ ನಿಮ್ಮಲ್ಲೇ ಇರಲಿ.

ಸದಸ್ಯೆ, ಹುಬ್ಬಳ್ಳಿ: ಹಿರಿಯರು ಶನಿವಾರ ಮತ್ತೆ ಬರುತ್ತಾರಂತೆ.

ಸಭಾಪಾಲಕರು: ಅವರ ನಂಬರನ್ನು ನನಗೆ ಕಳುಹಿಸಿರಿ, ನಾನು ಮಾತನಾಡುತ್ತೇನೆ. ನೀವು ತವರಿನಲ್ಲೇ ಇರಿ.