ಅತ್ತೆಯ ಪಾತ್ರೆಗಳು ಅಟ್ಟದಿಂದ ಇಳಿಯಲಿ

ಅತ್ತೆ ತೀರಿಕೊಂಡು ವರ್ಷವಾಯಿತು. ಅವರ ಹಿತ್ತಾಳೆ, ಕಂಚಿನ ಪಾತ್ರೆಗಳು ಅಟ್ಟದಲ್ಲಿವೆ, ರೇಷ್ಮೆ ಸೀರೆಗಳು ಬೀರುವಿನಲ್ಲಿವೆ. ಬಳಸಿದರೆ ಹಾಳಾದಾವು ಅನ್ನುವ ಭಯ, ಬಳಸದಿದ್ದರೆ ಮನಸ್ಸಿಗೆ ಕಸಿವಿಸಿ. ಏನು ಮಾಡಲಿ ಎಂದು ಓದುಗರೊಬ್ಬರು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಅಕ್ಕಾ, ಮೊದಲು ಸೀರೆ ಹೊರಗೆ ತೆಗೆಯಿರಿ. ಇವತ್ತೇ ತೆಗೆಯಿರಿ. ಅಮ್ಮನ ಧಾರೆ ಸೀರೆಯನ್ನು ಜೋಪಾನ ಮಾಡಬೇಕು ಅಂತ ನಾನು 18 ವರ್ಷ ಮುಟ್ಟಲೇ ಇಲ್ಲ. ಮಗಳ ನಿಶ್ಚಿತಾರ್ಥಕ್ಕೆ ಉಡೋಣ ಅಂತ ಬಿಡಿಸಿದರೆ, ಮಡಿಕೆ ಇದ್ದ ಕಡೆಯೆಲ್ಲ ಗೆರೆ ಎಳೆದ ಹಾಗೆ ಸೀಳಿತ್ತು. ಉಟ್ಟು ಹರಿದದ್ದಲ್ಲ, ಇಟ್ಟಲ್ಲೇ ಹರಿದದ್ದು. ಬೀರುವಿನ ಮುಂದೆ ಕೂತು ಅತ್ತುಬಿಟ್ಟೆ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಜರಿ ಅಲ್ಲೇ ಮುರಿಯುತ್ತದೆ. ಮೂರು ತಿಂಗಳಿಗೊಮ್ಮೆ ನೆರಳಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ, ಹಳೆ ಬಿಳಿ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರ್ ಬೇಡ. ನುಸಿಗುಳಿಗೆ ಜರಿಗೆ ತಾಗಬಾರದು. ಎಲ್ಲಕ್ಕಿಂತ ಒಳ್ಳೆಯದು, ವರ್ಷಕ್ಕೆ ಎರಡು ಸಲವಾದರೂ ಉಡಿ. ಹಬ್ಬ ಇರಲೇಬೇಕು ಅಂತಿಲ್ಲ. ನಮ್ಮ ಸೀರೆಯ ಸೆರಗು ಮಾತ್ರ ಗಟ್ಟಿಯಿತ್ತು. ಅದರಲ್ಲಿ ಮಗಳಿಗೆ ರವಿಕೆ ಹೊಲಿಸಿದೆ.
– ಮೈಸೂರಿನ ಓದುಗರು

ಹಿತ್ತಾಳೆ ಪಾತ್ರೆ ಖಂಡಿತ ಬಳಸಿ, ಆದರೆ ಕಲಾಯಿ, ಅಂದರೆ ಒಳಗಿನ ತವರದ ಲೇಪ, ನೋಡಿಕೊಳ್ಳಿ. ಕಲಾಯಿ ಸವೆದ ಪಾತ್ರೆಯಲ್ಲಿ ನಾನೊಮ್ಮೆ ಹುಳಿ ಮಾಡಿದ್ದೆ. ಕಿಲುಬು ವಾಸನೆ ಬಂದು ಅಷ್ಟನ್ನೂ ಚೆಲ್ಲಬೇಕಾಯಿತು. ಹುಣಸೆಹಣ್ಣು, ಮಜ್ಜಿಗೆ, ಟೊಮೆಟೊ ಯಾವುದೂ ಬರೀ ಹಿತ್ತಾಳೆಗೆ ಆಗಿಬರುವುದಿಲ್ಲ. ಕಲಾಯಿ ಹಾಕುವವರು ಸಿಕ್ಕರೆ ಎದುರಿಗೇ ಹಾಕಿಸಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಪಾತ್ರೆ ಚೆನ್ನಾಗಿ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರ ಮುಟ್ಟಿಸಿ ಬಟ್ಟೆಯಲ್ಲಿ ಸರ್ರನೆ ಸವರುತ್ತಾರೆ. ಬಿಳಿ ಹೊಗೆ ಸರಿಯುವಷ್ಟರಲ್ಲಿ ಒಳಗೆಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತಿರುತ್ತದೆ! ಶುದ್ಧ ತವರವೇ ಬೇಕು, ಸೀಸ ಬೆರೆತದ್ದು ಬೇಡ ಅಂತ ಮೊದಲೇ ಹೇಳಿ. ಮನೆಗೆ ತಂದ ಮೇಲೆ ಖಾಲಿ ಪಾತ್ರೆಯನ್ನು ಉರಿಯ ಮೇಲೆ ಇಡಬೇಡಿ. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಸ್ಟೀಲ್ ನಾರು ಹಾಕಿ ಉಜ್ಜಬೇಡಿ, ಮರದ ಸೌಟೇ ಇರಲಿ. ನಮ್ಮ ಅಜ್ಜಿಯ ಪಾತ್ರೆಯಲ್ಲಿ ವಾರಕ್ಕೆರಡು ಸಲ ಹುಳಿ ಕುದಿಯುತ್ತದೆ. ಅವರ ಕೈರುಚಿ ನನಗೆ ಬಂದಿಲ್ಲ, ಆದರೆ ಆ ಘಮ ಬಂದಿದೆ.
– ಸಾಗರದ ಓದುಗರು

ನಮ್ಮಲ್ಲಿ ಕಂಚಿನ ಗಂಗಾಳದಲ್ಲೇ ದಿನಾ ಊಟ. ಕೈಜಾರಿ ಬೀಳದ ಹಾಗೆ ನೋಡಿಕೊಳ್ಳಿ, ಅಷ್ಟೇ. ಕಂಚು ಬಿದ್ದರೆ ಸೀಳುತ್ತದೆ. ಬೆರಳಲ್ಲಿ ಬಡಿದು ನೋಡಿ. ಗಂಟೆಯ ಹಾಗೆ ನಾದ ಬಂದರೆ ಸರಿಯಿದೆ, ಮಂದ ಸದ್ದು ಬಂದರೆ ಎಲ್ಲೋ ಬಿರುಕಿದೆ.
– ಧಾರವಾಡದ ಓದುಗರು

ಅತ್ತೆಗೆ ಹೆಣ್ಣುಮಕ್ಕಳಿದ್ದಾರಾ? ಇದ್ದರೆ ಅಟ್ಟ ಹತ್ತುವ ಮೊದಲು ಅವರಿಗೊಂದು ಫೋನ್ ಮಾಡಿ. ನಾನು ಮಾಡಲಿಲ್ಲ. ಒಂದು ಸಣ್ಣ ಕುಂಕುಮದ ಭರಣಿಗಾಗಿ ನಾದಿನಿ ಎರಡು ವರ್ಷ ಮಾತು ಬಿಟ್ಟಿದ್ದರು. ತಪ್ಪು ನನ್ನದೇ. ಅದು ಅವರಮ್ಮನದಲ್ವಾ?
– ತುಮಕೂರಿನ ಓದುಗರು

ಎಲ್ಲವನ್ನೂ ಒಟ್ಟಿಗೆ ಇಳಿಸಬೇಡಿ, ಒಂದೇ ಒಂದು ತನ್ನಿ. ನಾನು ದುಬೈಗೆ ತಂದದ್ದು ಅತ್ತೆಯ ಹಿತ್ತಾಳೆ ಪಾವು. ಅದರ ಮೈಮೇಲೆ ಚುಕ್ಕಿ ಚುಕ್ಕಿಯಾಗಿ ಅವರ ಹೆಸರು ಕೊರೆದಿದ್ದಾರೆ. ಕೊನೆಯ ‘ಮ್ಮ’ ಸವೆದು ನುಣ್ಣಗಾಗಿದೆ, ಅವರ ಹೆಬ್ಬೆರಳು ಅಲ್ಲೇ ಕೂರುತ್ತಿತ್ತು. ಈಗ ಅದು ಅಕ್ಕಿ ಡಬ್ಬದಲ್ಲೇ ಇರುತ್ತದೆ. ರಾತ್ರಿ ಅಡುಗೆಗೆ ಮಗಳೇ ಅಳೆಯುತ್ತಾಳೆ. ಬಾಯಿಮಟ್ಟ ತುಂಬಿ ಅಂಗೈಯಲ್ಲಿ ಸವರುತ್ತಾಳೆ. ಅವಳ ಹೆಬ್ಬೆರಳೂ ಅಲ್ಲೇ ಕೂರುತ್ತದೆ.
– ದುಬೈಯ ಓದುಗರು